ಅಮಾವಾಸ್ಯೆಯ ಎರಡು ಹಿಡಿ ಬೂದಿ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟು ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ಫ್ಯಾನು ನಿಂತದ್ದು, ದೀಪ ಆರಿದ್ದು ಆಮೇಲಿನ ಮಾತು. ಬೆಳಗಿನಿಂದ ಖಡಲ್ ಖಡಲ್ ಎಂದು ಓಡುತ್ತಿದ್ದ ಪವರ್‌ಲೂಮುಗಳು ಒಂದೇ ಏಟಿಗೆ ನಿಂತುಬಿಡುತ್ತವೆ. ನಮ್ಮ ಮನೆಯವು ನಾಲ್ಕು, ಎದುರು ಮನೆಯವು ಆರು, ಆಚೆ ಓಣಿಯವು ಎಷ್ಟೋ. ಅವೆಲ್ಲ ಒಟ್ಟಿಗೆ ಬಾಯಿ ಮುಚ್ಚಿದಾಗ ಊರೇ ನೀರಿನೊಳಗೆ ಇಳಿದಂತಾಗುತ್ತದೆ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವುದು, ಯಾರೋ ಕೆಮ್ಮುವುದು, ಗುಬ್ಬಿಗಳ ಜಗಳ, ಎಲ್ಲ ಎಲ್ಲಿಂದಲೋ ತೇಲಿ ಬರುತ್ತವೆ. ಆ ಹೊತ್ತಿಗೆ ನನ್ನ ಮೂಗಿಗೆ ಈಗಲೂ ಬೂದಿಯ ವಾಸನೆ ಬರುತ್ತದೆ.

ಬೂದಿಗೆ ಎಂಥ ವಾಸನೆ ಎಂದು ಕೇಳುವವರು ಬೂದಿಯ ಜೊತೆ ಬಾಳಿದವರಲ್ಲ. ಆಗಷ್ಟೇ ಆರಿದ ಬೂದಿಗೆ ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ ಇರುತ್ತದೆ. ನೀರು ಬಿದ್ದ ಬೂದಿಗೆ ಬೇರೆ ವಾಸನೆ, ಅದು ಒಳ್ಳೆಯದಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನಮ್ಮ ಅತ್ತೆ.

ನಾನು ಕಬ್ಬಿನ ನಾಡಿನವಳು. ತವರು ಮುಧೋಳ ತಾಲೂಕಿನ ಒಂದು ಹಳ್ಳಿ. ನಮ್ಮಪ್ಪ ಕಬ್ಬು ಬೆಳೆಯುತ್ತಿದ್ದ, ಹೊಲದಲ್ಲೇ ಬೆಲ್ಲದ ಗಾಣವಿತ್ತು. ಅಲ್ಲಿ ಬೂದಿ ಎಂದರೆ ಒಲೆಯ ಬಾಯಿಂದ ಸಲಿಕೆಯಲ್ಲಿ ಎಳೆದು ಹೊರಗೆ ಸುರಿಯುವ ಗುಡ್ಡೆ. ನಾವು ಮಕ್ಕಳು ಅದರ ಮೇಲೆ ಜಿಗಿದು, ಮೊಣಕಾಲವರೆಗೆ ಬೆಳ್ಳಗಾಗಿ, ಅವ್ವನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆವು. ಮದುವೆಯಾಗಿ ಈ ನೇಕಾರರ ಮನೆಗೆ ಬಂದ ಮೊದಲ ವಾರದಲ್ಲೇ, ಜಳಕದ ನೀರು ಕಾಯಿಸುವ ಒಲೆಯನ್ನು ಬಳಿದು ಬೂದಿಯನ್ನು ಚರಂಡಿಗೆ ಸುರಿದೆ. ಕಾಲಿನಿಂದ ಅತ್ತ ಸರಿಸಿದೆ ಕೂಡ.

ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗಟ್ಟಿಯಾಗಿ ಮಾತಾಡುವ ಹೆಂಗಸಲ್ಲ ಅವರು. ಬೂದಿ ಮುಚ್ಚಿದ ಕೆಂಡ.

"ಯವ್ವಾ, ನಿಮ್ಮ ಮನ್ಯಾಗ ಹಣಿಗೆ ಏನ ಹಚ್ಕೋತೀರಿ?" ಎಂದರು.

"ವಿಭೂತಿ ರೀ ಅತ್ತಿ."

"ಅದು ಎದರಿಂದ ಆಗತೈತಿ?"

ನಾನು ಒಲೆಯ ಕಡೆ ನೋಡಿದೆ. ಅವರು ಬಗ್ಗಿ, ಚರಂಡಿಯ ದಂಡೆಯಲ್ಲಿ ಒಣಗಿ ಉಳಿದಿದ್ದಷ್ಟು ಬೂದಿಯನ್ನು ಬಲಗೈಯಲ್ಲಿ ಬಳಿದುಕೊಂಡರು, ಬೆರಳನ್ನು ಹಣೆಗೆ ಮುಟ್ಟಿಸಿಕೊಂಡರು, ಒಳಗೆ ಹೋದರು. ಅಂದಿನಿಂದ ಈ ಮನೆಯಲ್ಲಿ ನನ್ನ ಹೆಸರು ಕಬ್ಬಿನಾಕಿ ಎಂದಾಯಿತು. ಸಿಟ್ಟು ಬಂದಾಗಲೂ ಕಬ್ಬಿನಾಕಿ, ಪ್ರೀತಿ ಬಂದಾಗಲೂ ಕಬ್ಬಿನಾಕಿ. ಯಾವುದು ಯಾವಾಗ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಅತ್ತೆಯ ಬೂದಿಗೆ ಕಟ್ಟಳೆಗಳಿದ್ದವು. ಎಡಗೈಯಲ್ಲಿ ಮುಟ್ಟುವಂತಿಲ್ಲ, ತುಳಿಯುವಂತಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಹೊರಗೆ ತೆಗೆಯುವಂತಿಲ್ಲ. ಒಲೆಗೆ ಹಾಕುವುದು ಚಿಮ್ಮಡ ಹಳ್ಳಿಯ ಕಡೆಯಿಂದ ಬರುತ್ತಿದ್ದ ಹತ್ತಿ ಕಟ್ಟಿಗೆ ಮತ್ತು ಜಾಲಿ ಮಾತ್ರ. ಪ್ಲಾಸ್ಟಿಕ್ ಚೀಲದ ಒಂದು ತುಂಡು ಒಲೆಗೆ ಬಿದ್ದರೂ ಆ ದಿನದ ಬೂದಿ ಅವರ ಲೆಕ್ಕದಲ್ಲಿ ಮೈಲಿಗೆ, ಗಿಡದ ಹತ್ತಿರಕ್ಕೂ ಬರುವಂತಿರಲಿಲ್ಲ. ಆರಿದ ಬೂದಿಯನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ಇದ್ದಿಲ ಚೂರು ಬೇರೆ ಮಾಡಿ, ಮುಚ್ಚಳವಿರುವ ಮಣ್ಣಿನ ಗಡಿಗೆಯಲ್ಲಿ ತುಂಬಿಡುತ್ತಿದ್ದರು. "ತೊಯ್ದ ಬೂದಿ ಸತ್ತ ಬೂದಿ" ಎನ್ನುತ್ತಿದ್ದರು. ಬೆಳಗಿನ ಎಳೆಬಿಸಿಲು ಹಿತ್ತಲ ಬಾಗಿಲಿಂದ ಓರೆಯಾಗಿ ಬೀಳುವಾಗ ಅವರು ಬೂದಿ ಸೋಸಲು ಕೂರುವುದು. ಮಗ್ಗದ ಕೋಣೆಯಿಂದ ಹಾರಿ ಬಂದ ಹತ್ತಿಯ ನವಿರು, ಬಟ್ಟೆಯಿಂದ ಎದ್ದ ಬೂದಿಯ ಹುಡಿ, ಎರಡೂ ಆ ಬಿಸಿಲಲ್ಲಿ ಕಲೆತು ಬಹಳ ಹೊತ್ತು ಕೆಳಗಿಳಿಯದೆ ನಿಲ್ಲುತ್ತಿದ್ದವು. ಯಾವುದು ಮಗ್ಗದ್ದು, ಯಾವುದು ಒಲೆಯದ್ದು ಹೇಳಲು ಬರುತ್ತಿರಲಿಲ್ಲ. ಮಧ್ಯದಲ್ಲಿ ಅತ್ತೆ, ರೆಪ್ಪೆಯ ಮೇಲೂ ಬಿಳಿ.

ಹಿತ್ತಲ ಮೂಲೆಯಲ್ಲಿ ಅವರದೊಂದು ಸಣ್ಣ ತಿಪ್ಪೆ ಗುಂಡಿ. ತರಕಾರಿ ಸಿಪ್ಪೆ, ಉದುರಿದ ಎಲೆ, ಮಗ್ಗದ ಕೆಳಗೆ ಗುಡಿಸಿದ ಹತ್ತಿಯ ಕಸ, ಅದರ ಮೇಲೆ ರೊಟ್ಟಿಗೆ ಹಿಟ್ಟು ಉದುರಿಸಿದಷ್ಟು ತೆಳ್ಳಗೆ ಬೂದಿ, ಮತ್ತೆ ಸಿಪ್ಪೆ, ಮತ್ತೆ ಎಲೆ. ಒಮ್ಮೆ ನಾನು ಹಸಿ ಸೆಗಣಿ ಸುರಿದು ಅದರ ಮೇಲೆ ಒಂದು ಬುಟ್ಟಿ ಬೂದಿ ಹಾಕಿದ್ದೆ. ಮೂಗಿಗೆ ಖಾರದಂಥ ನಾತ ಎದ್ದಿತು. "ನೋಡ, ಗೊಬ್ಬರದ ಜೀವಾ ಮ್ಯಾಲ ಹೊಂಟೈತಿ," ಎಂದು ಅತ್ತೆ ಮುಖ ಸಿಂಡರಿಸಿದರು. ವರ್ಷಕ್ಕೊಮ್ಮೆ ಆ ಗುಂಡಿ ತೋಡಿದಾಗ ಕಪ್ಪು ಪುಡಿಯಂಥ ಗೊಬ್ಬರ ಬರುತ್ತಿತ್ತು. ಅದರಲ್ಲಿ ಅಲ್ಲಲ್ಲಿ ಕೆಂಪು, ಹಸಿರು, ಗುಲಾಬಿ ಎಳೆಗಳು ಮಿಂಚುತ್ತಿದ್ದವು. ಹತ್ತಿ ಕೊಳೆಯುತ್ತದೆ, ಪಾಲಿಸ್ಟರ್ ಎಳೆ ಕೊಳೆಯುವುದಿಲ್ಲ. ಯಾವ ವರ್ಷ ಯಾವ ಬಣ್ಣದ ಸೀರೆ ನೇಯ್ದೆವು ಎಂಬುದು ನಮ್ಮ ತಿಪ್ಪೆಗೆ ನೆನಪಿತ್ತು.

ಇಷ್ಟೆಲ್ಲ ಉಪಚಾರ ನಿಜವಾಗಿ ಒಂದೇ ಗಿಡಕ್ಕಾಗಿ. ಅದು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಿಂಬೆ ಗಿಡ.

ಅತ್ತೆಯ ತವರು ಗಲಗಲಿ, ಕೃಷ್ಣೆಯ ದಂಡೆ. ಅಲ್ಲಿ ಅವರ ಅಪ್ಪನ ತೋಟವಿತ್ತು, ತೋಟದಲ್ಲಿ ಬಾವಿ, ಬಾವಿಯ ಕಟ್ಟೆಗೆ ಒರಗಿದಂತೆ ಒಂದು ದೊಡ್ಡ ನಿಂಬೆ. ಆಣೆಕಟ್ಟಿನ ಹಿನ್ನೀರು ಏರಿ ತೋಟ, ಬಾವಿ, ಕಟ್ಟೆ ಎಲ್ಲ ಒಳಗೆ ಹೋದವು. ಅದಕ್ಕಿಂತ ಮುಂಚೆ, ಕೊನೆಯ ಸಲ ತವರಿಗೆ ಹೋದಾಗ, ಅತ್ತೆ ಆ ಮರದ ಹಣ್ಣಿನ ಬೀಜದಿಂದ ಎದ್ದ ಒಂದು ಸಸಿಯನ್ನು ಕಿತ್ತು, ಎಣ್ಣೆ ಡಬ್ಬಿಯಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದಿದ್ದರು. ತವರಿನಿಂದ ಅವರಿಗೆ ಉಳಿದದ್ದು ಅದೊಂದೇ. ಬಳೆ ಒಡೆದವು, ಸೀರೆ ಹರಿದವು, ಅಣ್ಣ ತಮ್ಮಂದಿರು ಊರೂರು ಚದುರಿದರು. ನಿಂಬೆ ನಿಂತಿತ್ತು. ಅದರ ಎಲೆಯನ್ನು ಬೆರಳಲ್ಲಿ ಹೊಸೆದು ಮೂಸಿದರೆ ಅತ್ತೆಯ ಮುಖ ಚಿಕ್ಕ ಹುಡುಗಿಯದಾಗುತ್ತಿತ್ತು, ನಾನೇ ಕಂಡಿದ್ದೇನೆ. ಆ ಗಿಡಕ್ಕೆ ಏನಾದರೂ ಆದರೆ ಗಲಗಲಿ ಎರಡನೆಯ ಸಲ ಮುಳುಗುತ್ತದೆ ಎಂದು ನನಗೆ ಅನ್ನಿಸುತ್ತಿತ್ತು.

ನಿಂಬೆಗೆ ಬೂದಿ ಹಾಕುವುದಕ್ಕೂ ಕಟ್ಟಳೆ: ಅಮಾವಾಸ್ಯೆಗೊಮ್ಮೆ, ಎರಡೇ ಹಿಡಿ. ನಮ್ಮ ಓಣಿಯಲ್ಲಿ ಅಮಾವಾಸ್ಯೆ ಮಗ್ಗಗಳಿಗೆ ರಜೆ. ಆ ದಿನ ಅವುಗಳ ಮೈ ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಹಚ್ಚಿ, ಒಂದೊಂದಕ್ಕೆ ಒಂದೊಂದು ನಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತೇವೆ. ಹಣ್ಣು ಆ ಗಿಡದ್ದೇ. ಪೂಜೆ ಮುಗಿದು ಮನೆ ಸ್ತಬ್ಧವಾದಾಗ ಅತ್ತೆ ಗಡಿಗೆಯ ಮುಚ್ಚಳ ತೆಗೆದು, ಬಲಗೈಯಲ್ಲಿ ಒಂದು ಹಿಡಿ, ಮತ್ತೊಂದು ಹಿಡಿ ತೆಗೆದುಕೊಂಡು ಹೋಗಿ, ಕಾಂಡಕ್ಕೆ ತಾಗದಂತೆ ದೂರದಲ್ಲಿ ಸುತ್ತ ಉದುರಿಸಿ ಬರುತ್ತಿದ್ದರು. ಅವರಿಗೆ ಓದು ಬರಹ ಇರಲಿಲ್ಲ. ಗೋಡೆಯ ಕ್ಯಾಲೆಂಡರ್ ಅವರಿಗೆ ಬರಿಯ ದೇವರ ಪಟ. ಮಗ್ಗ ನಿಂತರೆ ಅಮಾವಾಸ್ಯೆ, ಅಷ್ಟೇ. ಒಂದು ಸಲವೂ ತಪ್ಪಿದ್ದಿಲ್ಲ.

ಮರೆವು ಬಂದದ್ದು ಮೆಲ್ಲಗೆ. ಮೊದಲು ಸಾರಿಗೆ ಎರಡು ಸಲ ಉಪ್ಪು. ಆಮೇಲೆ ನೆರೆಯವರ ಹೆಸರು. ಜಮಖಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬಹಳ ಹೊತ್ತು ಮಾತಾಡಿಸಿ, ವಯಸ್ಸಿನ ಮರೆವು, ಗಾಬರಿಯಾಗಬೇಡಿ, ಕೈಗೆ ರೂಢಿಯಾದ ಕೆಲಸಗಳನ್ನು ಬಿಡಿಸಬೇಡಿ ಎಂದರು. ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತ, "ಹೊಳಿ ಯಾವಾಗ ಬರತೈತಿ?" ಎಂದು ಕೇಳುತ್ತಲೇ ಇದ್ದರು. ಆ ದಾರಿಯಲ್ಲಿ ಹೊಳೆ ಇಲ್ಲ. ನಾನು "ಇನ್ನೇನ ಬಂತು ರೀ" ಎನ್ನುತ್ತಲೇ ಇದ್ದೆ.

ಅದು ಬೇಸಿಗೆ. ಕರೆಂಟು ದಿನಕ್ಕೆ ಮೂರು ಸಲ, ನಾಲ್ಕು ಸಲ ಹೋಗುತ್ತಿತ್ತು. ಒಂದು ಮುಂಜಾನೆ ಮಗ್ಗಗಳು ನಿಂತವು. ಪಡಸಾಲೆಯಲ್ಲಿ ಕೂತಿದ್ದ ಅತ್ತೆ ಎದ್ದರು, ಸೆರಗು ಸರಿ ಮಾಡಿಕೊಂಡರು, ಗಡಿಗೆಯ ಹತ್ತಿರ ಹೋದರು. ಒಂದು ಹಿಡಿ, ಎರಡು ಹಿಡಿ.

"ಅತ್ತಿ, ಎಲ್ಲಿಗೆ ಹೊಂಟ್ರಿ?" ಎಂದೆ.

"ಅಮಾಸಿ ಅಲ್ಲೇನ ಇವತ್ತ. ನಿಂಬಿಗೆ ಹಾಕಿ ಬರ್ತೇನಿ."

ನಾನು ನಕ್ಕೆ. ಎರಡು ಹಿಡಿ ಬೂದಿಯಿಂದ ಏನಾದೀತು, ಅಮಾವಾಸ್ಯೆ ಹತ್ತು ದಿನ ಮುಂಚೆ ಬಂತು, ಅಷ್ಟೇ ತಾನೆ ಎಂದುಕೊಂಡೆ. ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು, ಮತ್ತೆ ಅಮಾವಾಸ್ಯೆ ಬಂತು. ಮರುದಿನ ಮೂರು ಅಮಾವಾಸ್ಯೆ. ಆ ಬೇಸಿಗೆಯಲ್ಲಿ ನಮ್ಮ ಮನೆಯ ಮೇಲೆ ಚಂದ್ರ ಬೆಳೆಯಲಿಲ್ಲ. ತಡೆಯಲು ನನಗೆ ಮನಸ್ಸಾಗಲಿಲ್ಲ. ಬೂದಿಯ ಕಡೆ ನಡೆಯುವಾಗ ಅವರ ಹೆಜ್ಜೆ ಹಿಂದಿನ ಹೆಜ್ಜೆಯೇ ಆಗಿರುತ್ತಿತ್ತು. ಬೇರೆ ಹೊತ್ತಿನಲ್ಲಿ ಗೋಡೆ ಹಿಡಿದು ನಡೆಯುವವರು ಆಗ ಏನನ್ನೂ ಹಿಡಿಯುತ್ತಿರಲಿಲ್ಲ. ಇದೊಂದು ಕೆಲಸವಾದರೂ ಅವರಿಗೆ ಉಳಿಯಲಿ ಎಂದುಕೊಂಡೆ. ಬೂದಿ ತಾನೆ, ಹಣೆಗೆ ಹಚ್ಚುವಂಥದ್ದು ಗಿಡಕ್ಕೆ ಕೆಟ್ಟದ್ದೇನು ಮಾಡೀತು? ಇಪ್ಪತ್ತು ವರ್ಷ ಈ ಮನೆಯಲ್ಲಿದ್ದು ನಾನೂ ಅತ್ತೆಯಂತೆಯೇ ಯೋಚಿಸತೊಡಗಿದ್ದೆ.

ಎರಡು ತಿಂಗಳಿಗೆ ನಿಂಬೆಯ ಎಲೆ ಹಳದಿಯಾಯಿತು. ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ತುದಿ ಸುಟ್ಟಂತೆ ಕಂದು. ಹೀಚುಗಳು ಕಲ್ಲಿನ ಮೇಲೆ ಪಟಪಟ ಉದುರಿದವು. ಬುಡದ ಸುತ್ತ ನೆಲ ಬೆಳ್ಳಗೆ ಹೆಪ್ಪುಗಟ್ಟಿತ್ತು.

ಆಗ ಅಪ್ಪ ಬೆಲ್ಲ ಕೊಟ್ಟು ಹೋಗಲು ಬಂದಿದ್ದ. ಹಿತ್ತಲಿಗೆ ಕೈ ತೊಳೆಯಲು ಹೋದವನು ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಬುಡದ ಮಣ್ಣನ್ನು ಉಗುರಲ್ಲಿ ಕೆರೆದು ನಾಲಗೆಗೆ ಮುಟ್ಟಿಸಿಕೊಂಡು ಉಗುಳಿದ.

"ತಂಗೀ, ಇದಕ್ಕ ಯಾವ ನೀರ ಹಾಕ್ತೀರಿ?"

"ಬೋರಿಂದು, ಅಪ್ಪಾ."

"ನಿಮ್ಮ ಬೋರಿನ ನೀರು ಸವಳು. ಹಂಡೇಕ್ಕ ಬೆಳ್ಳಗ ಕಟ್ಟೈತಲ್ಲ, ನೋಡೀದೇನು? ನಮ್ಮ ಕರಿ ಮಣ್ಣಾಗ ಮೊದಲೇ ಸವಳು ಐತಿ. ಅದರ ಮ್ಯಾಲ ಇಷ್ಟ ಬೂದಿ? ಉಪ್ಪಿನ ಮ್ಯಾಲ ಉಪ್ಪು ಸುರದಂಗ ಆತು."

"ಅತ್ತಿ ಮೊದಲಿಂದ ಹಾಕ್ಕೊಂತ ಬಂದಾರು."

"ತಿಂಗಳಿಗೆ ಎರಡ ಹಿಡಿ ಗಿಡಾ ತಡಕೋತೈತಿ. ಈಗ ಹಾಕಿದ್ದು ಎರಡ ಹಿಡಿ ಅಲ್ಲ." ಅವನು ಎದ್ದು ಮೊಣಕಾಲು ಝಾಡಿಸಿಕೊಂಡ. "ಇವತ್ತಿಂದ ಬೂದಿ ಬಂದ್ ಮಾಡ್ರಿ. ಮ್ಯಾಲಿನ ಮಣ್ಣ ತಗದ ಒಗೀರಿ. ಹಳೇ ತಿಪ್ಪಿಗೊಬ್ಬರ ಕೊಡ್ರಿ, ಹುಳಿ ಮಜ್ಜಿಗಿ ನೀರ ಮಾಡಿ ಹಾಕ್ರಿ. ಮಳಿ ಬಿದ್ದ ತೊಳಕೊಂಡ ಹೋದ್ರ ಉಳೀತೈತಿ. ಹಿಂಗ ಬೂದಿ ಬಿದ್ದರ ದೀಪಾವಳಿ ಕಾಣಂಗಿಲ್ಲ."

ಕಬ್ಬಿನ ಹೊಲದಲ್ಲಿ ಹುಟ್ಟಿದವಳು ನಾನು. ಸವಳು ಬಿದ್ದ ಹೊಲ ಹೇಗೆ ಉಪ್ಪೊಡೆದು ಬೆಳ್ಳಗಾಗಿ ಸಾಯುತ್ತದೆ ಎಂದು ಕಣ್ಣಾರೆ ಕಂಡವಳು. ಗೊತ್ತಿದ್ದೂ ನೋಡುತ್ತ ಕೂತಿದ್ದೆ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಮಕ್ಕಳಿಗೆ ಹೇಳಲು ಮಾತ್ರ ಕಲಿತಿದ್ದೆ.

ನಮ್ಮವರಿಗೆ ಹೇಳಿದೆ. ಅವರು ಲಾಳಿಯ ದಾರ ಬದಲಿಸುತ್ತ, "ಗಿಡಾ ಹೋದ್ರ ಜಮಖಂಡ್ಯಾಗ ನರ್ಸರಿ ಐತೆಲ್ಲ, ಇನ್ನೊಂದ ತಂದ್ರಾತು," ಎಂದರು.

"ಅಲ್ಲಿ ಗಲಗಲಿ ಸಿಗತೈತೇನ್ರೀ?" ಎಂದೆ. ಅವರು ಲಾಳಿಯ ಕಡೆಗೇ ಬಗ್ಗಿದರು. ಅವರ ಅವ್ವನ ವಿಷಯ ಅವರಿಗಿಂತ ಹೆಚ್ಚು ನಾನು ಬಲ್ಲೆ ಎಂಬಂತೆ ಮಾತಾಡುವುದು ನನ್ನ ಕೆಟ್ಟ ಚಾಳಿ. ಆದರೆ ಆ ದಿನ ಅದು ನಿಜವೇ ಆಗಿತ್ತು.

ಮೊದಲು ಗಡಿಗೆಯನ್ನು ಅಟ್ಟದ ಮೇಲೆ ಬಚ್ಚಿಟ್ಟೆ. ಕರೆಂಟು ಹೋಯಿತು. ಅತ್ತೆ ಎದ್ದು ಗಡಿಗೆ ಇದ್ದ ಜಾಗಕ್ಕೆ ಹೋಗಿ ನೋಡಿದರು. ಒಲೆಯ ಹಿಂದೆ ನೋಡಿದರು, ನೀರಿನ ಕೊಡಗಳ ನಡುವೆ ನೋಡಿದರು. ಖಾಲಿ ಜಾಗವನ್ನು ಕೈಯಿಂದ ಸವರಿದರು. ಆಮೇಲೆ ಹೊಸ್ತಿಲಲ್ಲಿ ಕೂತು, "ನನ್ನ ಅಮಾಸಿ ತಪ್ಪಿತು, ನನ್ನ ಅಮಾಸಿ ತಪ್ಪಿತು," ಎಂದು ಸಣ್ಣ ದನಿಯಲ್ಲಿ ಅಳತೊಡಗಿದರು. ಮಾವ ತೀರಿಕೊಂಡಾಗಲೂ ನಾನು ಅವರ ಅಳು ಕೇಳಿರಲಿಲ್ಲ. ಗಡಿಗೆ ಇಳಿಸಿದೆ.

ಆಮೇಲೆ ಮೋಸಕ್ಕಿಳಿದೆ. ಬಿಳಿಯ ಮಣ್ಣು ತಂದು, ಒಣಗಿಸಿ, ಕುಟ್ಟಿ, ಅತ್ತೆಯದೇ ಬಟ್ಟೆಯಲ್ಲಿ ಮೂರು ಸಲ ಸೋಸಿ ಗಡಿಗೆಗೆ ತುಂಬಿದೆ. ನೋಡಲು ಬೂದಿಯೇ. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಮರುದಿನ ಮಗ್ಗ ನಿಂತಾಗ ಅತ್ತೆ ಗಡಿಗೆಗೆ ಕೈ ಹಾಕಿದರು. ಹಾಕಿದ ಕೈ ಅಲ್ಲೇ ನಿಂತಿತು. ಹೆಬ್ಬೆರಳಿಂದ ತೋರುಬೆರಳನ್ನು ಒಮ್ಮೆ ಉಜ್ಜಿದರು.

"ಇದು ಬೂದಿ ಅಲ್ಲ," ಎಂದರು. "ಮಣ್ಣು."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನೀ ಯಾರಾಕಿ ಬೇ?" ಎಂದರು. "ನಮ್ಮ ಮನಿ ಬೂದಿ ಯಾಕ ಕದ್ದಿ?"

ಅವರು ನನ್ನನ್ನು ಮರೆತದ್ದು ಅದೇ ಮೊದಲು. ಮರೆವಿನಿಂದ ಮರೆತರೋ, ನಾನು ಮಾಡಿದ್ದನ್ನು ಕಂಡು ಸೊಸೆ ಅಲ್ಲವೆಂದು ತಳ್ಳಿದರೋ ತಿಳಿಯದು. ಕಂಡವರ ಮನೆಗೆ ನುಗ್ಗಿದ ಕಳ್ಳಿಯಂತೆ ನಾನು ಗೋಡೆಗೆ ಅಂಟಿ ನಿಂತಿದ್ದೆ. ಕಬ್ಬಿನಾಕಿ ಎಂದಾದರೂ ಒಮ್ಮೆ ಕರೆಯಲಿ ಎಂದು ಜೀವ ಬಡಿದುಕೊಳ್ಳುತ್ತಿತ್ತು. ಅಂದು ಸಂಜೆ ಗಡಿಗೆ ತೊಳೆದು, ಒಣಗಿಸಿ, ನಿಜವಾದ ಬೂದಿಯನ್ನೇ ತುಂಬಿದೆ. ಗಿಡ ಹೋದರೆ ಹೋಗಲಿ ಎಂದುಕೊಂಡೆ. ಹೋಗಲಿ ಎಂದದ್ದು ಬಾಯಿ. ಮರುದಿನ ಎದ್ದು ನೋಡಿದರೆ ಗಿಡದ ಕೆಳಗೆ ಇನ್ನಷ್ಟು ಎಲೆ.

ನಮ್ಮ ಮನೆಯ ಒಳಕೋಣೆಯಲ್ಲಿ ಒಂದು ಹಳೆಯ ಕುಣಿಮಗ್ಗ ಇದೆ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ. ಮಾವ, ಅತ್ತೆ ಇಬ್ಬರೂ ಅದರಲ್ಲೇ ಬದುಕು ಕಳೆದವರು. ಪವರ್‌ಲೂಮ್ ಬಂದ ಮೇಲೆ ಅದು ಹಾಸಿಗೆ, ಚೀಲ, ಮುರಿದ ಕುರ್ಚಿ ಇಡುವ ಜಾಗವಾಗಿತ್ತು. ಎರಡು ದಿನ ಕಳೆದು ನಾನು ಅಲ್ಲಿ ಹಳೆಯ ಚೀಲ ಹುಡುಕುತ್ತಿದ್ದೆ, ಗಿಡದ ಬುಡದ ಮಣ್ಣು ತೆಗೆದು ತುಂಬಲು. ಕರೆಂಟು ಹೋಯಿತು. ಊರು ನೀರಿಗೆ ಇಳಿಯಿತು. ಬಾಗಿಲ ಸಂದಿನಲ್ಲಿ ಕಂಡೆ, ಅತ್ತೆ ಎದ್ದು ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಕೈಗೆ ಸಿಕ್ಕ ಚೀಲ ಎಳೆದ ರಭಸಕ್ಕೆ ಮಗ್ಗದ ಬಡಿಯುವ ಹಲಗೆ ತೂಗಿ ಹೋಗಿ ಖಟ್ ಎಂದಿತು. ಮರಳಿ ಬಂದು ಇನ್ನೊಮ್ಮೆ, ಖಟ್.

ಅತ್ತೆ ನಿಂತರು. ಕಿವಿಯನ್ನು ಇತ್ತ ಮಾಡಿದರು.

"ಯಾರೋ ನೇಯಾಕತ್ತಾರ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮೆಲ್ಲಗೆ ಮತ್ತೆ ಕೂತರು.

ನಾನು ಉಸಿರು ಹಿಡಿದು ಆ ಹಲಗೆಯನ್ನು ಮತ್ತೆ ಎಳೆದೆ. ಮತ್ತೆ. ಮತ್ತೆ. ಹಾಸು ಇಲ್ಲ, ಹೊಕ್ಕು ಇಲ್ಲ, ಬರಿಯ ಮರ ಮರಕ್ಕೆ ಬಡಿಯುವ ಸದ್ದು. ಮಗ್ಗ ಬಡಿಯುತ್ತಿದೆ ಎಂದರೆ ದುಡಿಯುವ ದಿನ, ಅಮಾವಾಸ್ಯೆಯಲ್ಲ. ಅತ್ತೆ ಬೂದಿಯ ಕಡೆ ನೋಡಲೂ ಇಲ್ಲ, ತೊಡೆಯ ಮೇಲೆ ಕೈಯಿಟ್ಟು ಅರೆಗಣ್ಣಲ್ಲಿ ತೂಗುತ್ತ ಕೂತಿದ್ದರು. ಮುಕ್ಕಾಲು ಗಂಟೆಗೆ ಕರೆಂಟು ಬಂತು. ನನ್ನ ರಟ್ಟೆ ಬಿದ್ದು ಹೋಗಿತ್ತು. ಕುಣಿಯಲ್ಲಿ ಕಾಲು ಇಳಿಬಿಟ್ಟು, ಧೂಳಲ್ಲಿ ಕೂತು, ನಾನು ಒಬ್ಬಳೇ ನಕ್ಕೆ. ಅತ್ತೂ ಇರಬಹುದು.

ಅಂದಿನಿಂದ ಅದೇ ನನ್ನ ಕೆಲಸ. ಮಗ್ಗಗಳು ನಿಂತ ಕೂಡಲೇ ಒಲೆಯ ಮೇಲೆ ಏನಿದ್ದರೂ ಇಳಿಸಿ ಒಳಕೋಣೆಗೆ ಓಡುವುದು. ರೊಟ್ಟಿಯ ಹಿಟ್ಟಿನ ಕೈಯಲ್ಲೇ ಎಷ್ಟೋ ಸಲ. ಎದುರು ಮನೆಯಾಕೆ ಕಿಟಕಿಯಲ್ಲಿ ಇಣುಕಿ, "ಏನವಾ, ನೂಲಿಲ್ಲದ ಮಗ್ಗದಾಗ ಯಾರಿಗೆ ಸೀರಿ ನೇಯಾಕತ್ತೀ?" ಎಂದು ನಗುತ್ತಿದ್ದಳು. "ನಿನಗ," ಎನ್ನುತ್ತಿದ್ದೆ. "ಉಟ್ಕೊಂಡ ಹೊರಗ ಬರಬ್ಯಾಡ ಮತ್ತ."

ಒಂದು ಮಧ್ಯಾಹ್ನ ಹೀಗೆ ಬಡಿಯುತ್ತಿದ್ದಾಗ ಬೆನ್ನ ಹಿಂದೆ ನೆರಳು ಬಂತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನ ಬಡೀತಿಯವ್ವಾ ಅದನ್ನ, ಎತ್ತಿಗೆ ಬಡದಂಗ," ಎಂದರು. "ಕೂಸಿನ ಬೆನ್ನ ತಟ್ಟಿದಂಗ ತಟ್ಟಬೇಕು. ಸರಿ."

ನಾನು ಸರಿದೆ. ಅವರು ಕುಣಿಯ ದಂಡೆಗೆ ಕೂತು ಕಾಲು ಇಳಿಬಿಟ್ಟರು. ಗೋಡೆ ಹಿಡಿಯದೆ ನಡೆಯಲಾರದ ಕಾಲು, ಕೆಳಗಿನ ಹಲಗೆಗಳನ್ನು ತಾನಾಗಿ ಹುಡುಕಿಕೊಂಡಿತು. ಎಡ, ಬಲ, ಎಡ. ಇಲ್ಲದ ಲಾಳಿಯನ್ನು ಅತ್ತಿಂದಿತ್ತ ಎಸೆದರು, ಹಿಡಿದರು. ಖಟ್ ಎಂಬ ಸದ್ದು ಈಗ ಖಟ್ ಎನ್ನಲಿಲ್ಲ, ಮೆತ್ತಗೆ ತಟ್ಟುವ ಸದ್ದಾಯಿತು. ಮಾಡಿನ ಬೆಳಕಿಂಡಿಯಿಂದ ಬಿದ್ದ ಬಿಸಿಲಲ್ಲಿ ಎಷ್ಟೋ ವರ್ಷದ ನವಿರು ಎದ್ದು ಅವರ ತಲೆಯ ಸುತ್ತ ತೇಲಿತು. ಮಗನ ಹೆಸರು ತಪ್ಪುವ ಆ ಹೆಂಗಸು ಒಂದು ಲೆಕ್ಕವನ್ನೂ ತಪ್ಪದೆ ಇಲ್ಲದ ಸೀರೆಯೊಂದನ್ನು ನೇಯುತ್ತಿದ್ದರು. ನಾನು ಅವರ ಪಕ್ಕ ಕೂತು ನೋಡಿದೆ. ಕರೆಂಟು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಇದನ್ನು ಕಂಡು ನಮ್ಮವರು ಏನೂ ಹೇಳದೆ ಒಂದು ಭಾನುವಾರ ಉಳಿದ ನೂಲು ಹುಡುಕಿ ಆ ಮಗ್ಗಕ್ಕೆ ಹಾಸು ಕಟ್ಟಿಕೊಟ್ಟರು. ಅತ್ತೆ ಹೇಳಿದಂತೆ ನಾನು ನೇಯ್ದೆ. ಒಂದು ಗಜದ ತುಂಡು ಬಂತು. ಅಂಚು ಹಾವು ಹರಿದಂತೆ, ಒಂದು ಕಡೆ ಬಿಗಿ, ಒಂದು ಕಡೆ ಜಾಳು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಬೂದಿ ಸೋಸಾಕ ಛಲೋ ಆತು," ಎಂದರು. ನಾನು ಬಿದ್ದು ಬಿದ್ದು ನಕ್ಕೆ. ಅವರು ತಮಾಷೆಗೆ ಹೇಳಿದ್ದಲ್ಲ, ಮರುದಿನದಿಂದ ಅದರಲ್ಲೇ ಸೋಸಿದರು.

ಗಿಡಕ್ಕೆ ಅಪ್ಪ ಹೇಳಿದ್ದೆಲ್ಲ ಮಾಡಿದೆ. ಬುಡದ ಬೆಳ್ಳನೆಯ ಮಣ್ಣನ್ನು ಗೇಣು ಆಳ ತೆಗೆದು ಹೊರಗೆ ಹಾಕಿದೆ. ತಿಪ್ಪೆಯ ತಳದ ಕಪ್ಪು ಗೊಬ್ಬರ ತುಂಬಿದೆ, ಅದರ ಕೆಂಪು ಹಸಿರು ಎಳೆಗಳ ಸಮೇತ. ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ವಾರಕ್ಕೊಮ್ಮೆ ಹಾಕಿದೆ. ಕುಡಿಯಲು ಬರುವ ಹೊಳೆಯ ನೀರಿನಲ್ಲಿ ದಿನಕ್ಕೊಂದು ಕೊಡ ಅದಕ್ಕೂ ಎತ್ತಿಟ್ಟೆ. ಕೃಷ್ಣೆಯ ನೀರಲ್ಲವೇ, ಗುರುತು ಹಿಡಿದೀತು ಎಂಬ ಹುಚ್ಚು ಆಸೆ. ಮಳೆಗಾಲ ಆ ವರ್ಷ ಚೆನ್ನಾಗಿಯೇ ಬಂತು. ದಸರೆಯ ಹೊತ್ತಿಗೆ ಒಂದು ಕೊಂಬೆಯ ತುದಿಯಲ್ಲಿ ಉಗುರಿನಷ್ಟು ಎಲೆ, ತಿಳಿಹಸಿರು. ನಾನು ಅದನ್ನು ಅತ್ತೆಗೆ ತೋರಿಸಿದೆ. ಅವರು ಕಿತ್ತು, ಹೊಸೆದು, ಮೂಸಿದರು. ಇದ್ದ ಒಂದೇ ಹೊಸ ಎಲೆ ಅದು. ನಾನು ಅಯ್ಯೋ ಎನ್ನುವಷ್ಟರಲ್ಲಿ ಅವರ ಮುಖ ಚಿಕ್ಕ ಹುಡುಗಿಯದಾಗಿತ್ತು.

ನಿಜವಾದ ಅಮಾವಾಸ್ಯೆಯ ದಿನ ಮಾತ್ರ ನಾನು ಒಳಕೋಣೆಯ ಬಾಗಿಲು ಹಾಕಿಬಿಡುತ್ತಿದ್ದೆ. ಪೂಜೆ ಮುಗಿದು ಮನೆ ಸ್ತಬ್ಧವಾಗುತ್ತಿತ್ತು. ಅತ್ತೆ ಎದ್ದು, ಸೆರಗು ಸರಿ ಮಾಡಿಕೊಂಡು, ಗಡಿಗೆಯಿಂದ ಎರಡು ಹಿಡಿ ತೆಗೆದುಕೊಂಡು ಹೋಗುತ್ತಿದ್ದರು. ಹೀಗೆ ಎರಡು ವರ್ಷ ಹೋಯಿತು. ಗಿಡ ಮತ್ತೆ ಕಾಯಿ ಬಿಟ್ಟಿತು. ಅತ್ತೆ ಒಂದೊಂದಾಗಿ ಎಲ್ಲವನ್ನೂ ಬಿಟ್ಟುಕೊಟ್ಟರು, ಹೆಸರು, ಊಟದ ಹೊತ್ತು, ಕೊನೆಗೆ ಮಾತು. ಮಗ್ಗದ ಸದ್ದಿಗೆ ಕಿವಿಗೊಡುವುದನ್ನು ಬಿಡಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ, ಮಗ್ಗಗಳು ಓಡುತ್ತಿರುವಾಗಲೇ, ಪಡಸಾಲೆಯ ಗೋಡೆಗೆ ಒರಗಿ ಕೂತವರು ಹಾಗೆಯೇ ಹೋದರು. ನಮ್ಮಲ್ಲಿ ಸುಡುವುದಿಲ್ಲ. ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ. ಅವರು ಜೀವಮಾನವೆಲ್ಲ ಹಣೆಗೆ ಮುಟ್ಟಿಸಿಕೊಂಡ ಬೂದಿ ಅವರ ಜೊತೆಗೇ ಹೋಯಿತು.

ಮರುದಿನ ನಮ್ಮ ಮಗ್ಗಗಳನ್ನು ನಿಲ್ಲಿಸಿದ್ದೆವು. ಎದುರು ಮನೆಯವರೂ, ಪಕ್ಕದವರೂ ಅತ್ತೆಯ ಮರ್ಯಾದೆಗೆ ತಮ್ಮವನ್ನು ನಿಲ್ಲಿಸಿದ್ದರು. ಬಂದವರೆಲ್ಲ ಹೋಗಿ, ಮುಂಜಾನೆ ಹತ್ತರ ಬಿಸಿಲು ಹಿತ್ತಲ ಬಾಗಿಲಲ್ಲಿ ಓರೆಯಾಗಿ ಬಿದ್ದಿತ್ತು. ಓಣಿಯ ತುಂಬ ಮೌನ. ನನಗೆ ಅರಿವಿಲ್ಲದೆ ನಾನು ಎದ್ದಿದ್ದೆ, ಒಳಕೋಣೆಯ ಕಡೆ ಎರಡು ಹೆಜ್ಜೆ ಓಡಿಯೂ ಇದ್ದೆ. ಆಮೇಲೆ ನೆನಪಾಯಿತು. ಪಡಸಾಲೆಯ ಆ ಜಾಗ ಖಾಲಿ. ಕೂರಿಸಬೇಕಾದವರು ಯಾರೂ ಇರಲಿಲ್ಲ.

ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಸೆರಗು ಸರಿ ಮಾಡಿಕೊಂಡೆ. ಗಡಿಗೆಯ ಮುಚ್ಚಳ ತೆಗೆದು ಬಲಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು ಹೋಗಿ ನಿಂಬೆಯ ಸುತ್ತ ಉದುರಿಸಿದೆ. ಮರಳಿ ಬಂದು ಇನ್ನೊಂದು ಹಿಡಿ ತೆಗೆದೆ. ನಮ್ಮವರು ಬಾಗಿಲಲ್ಲಿ ಬಂದು ನಿಂತಿದ್ದರು.

"ಇವತ್ತ ಅಮಾಸಿ ಅಲ್ಲಲ್ಲ," ಎಂದರು.

"ಮಗ್ಗಾ ನಿಂತಾವಲ್ರೀ," ಎಂದೆ.